ಬಿ1ಕ್ಕೆ ಮಾತ್ರ ತಕರಾರೇಕೆ? – ಮ್ಯಾಕ್ರೊ ಹೆಸರುಗಳ ಘರ್ಷಣೆ ಮತ್ತು ನಮ್ಮ ‘ಸಿ’ ಪಾಠ

ಬೆಂಗಳೂರಿನ ಉತ್ತರಕ್ಕೆ ಎರಡು ಬಳ್ಳಾಪುರಗಳಿವೆ. ಒಂದು ದೊಡ್ಡಬಳ್ಳಾಪುರ, ಇನ್ನೊಂದು, 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾದ ಚಿಕ್ಕಬಳ್ಳಾಪುರ. ಗೌರಿಬಿದನೂರಿನ ಬಸ್ ನಿಲ್ದಾಣದಲ್ಲಿ ನಿಂತು ‘ಬಳ್ಳಾಪುರದ ಬಸ್ಸು ಯಾವುದು?’ ಎಂದಷ್ಟೇ ಕೇಳಿದರೆ ‘ಯಾವ ಬಳ್ಳಾಪುರ?’ ಎಂಬ ಮರುಪ್ರಶ್ನೆ ಬಂದೇ ಬರುತ್ತದೆ. ಚಿಕ್ಕ, ದೊಡ್ಡ ಎಂಬ ಎರಡು ಪೂರ್ವಪದಗಳು ಈ ಗೊಂದಲವನ್ನು ನಿವಾರಿಸಿವೆ. ನೀವು ಶಿಕ್ಷಕರಾಗಿದ್ದರೆ ಹಾಜರಿ ಪುಸ್ತಕದಲ್ಲಿ ಇದೇ ಕೆಲಸವನ್ನು ವರ್ಷವೂ ಮಾಡುತ್ತೀರಿ. ತರಗತಿಯಲ್ಲಿ ಮೂವರು ಮಂಜುನಾಥರಿದ್ದರೆ ಒಬ್ಬ ಮಂಜುನಾಥ ಕೆ., ಇನ್ನೊಬ್ಬ ಮಂಜುನಾಥ ವಿ., ಮತ್ತೊಬ್ಬನಿಗೆ ಊರಿನ ಹೆಸರು ಸೇರಿಸಿ ಬರೆದುಕೊಳ್ಳುತ್ತೀರಿ.

ಗಣಕದ ಕ್ರಮವಿಧಿಗಳಲ್ಲೂ ಇದೇ ಸಮಸ್ಯೆ ಇದೆ, ಇದೇ ಪರಿಹಾರವೂ ಇದೆ. ಆದರೆ ನಮ್ಮ ‘ಸಿ’ ಭಾಷೆಯ ಪಾಠಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಪ್ರಯೋಗಶಾಲೆಯ ಕೈಪಿಡಿಗಳಲ್ಲಿ ಇದರ ಪ್ರಸ್ತಾಪ ಇಲ್ಲವೆನ್ನುವಷ್ಟು ಕಡಿಮೆ. ಅಷ್ಟೇ ಅಲ್ಲ, ಅಲ್ಲಿ ಹೇಳಿಕೊಡುವ ಕೆಲವು ರೂಢಿಗಳು ಸಮಸ್ಯೆಯನ್ನು ಬೆಳೆಸುತ್ತವೆ. ಇದು ಈ ಲೇಖನದ ಆಕ್ಷೇಪಣೆ. (ಕ್ರಮವಿಧಿಗಳಲ್ಲಿನ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಗಣಕದ ಮುಂದೆ ಕುಳಿತಾಗ ಅವನ್ನು ಇಂಗ್ಲಿಷ್ ಅಕ್ಷರಗಳಿಗೆ ತಿರುಗಿಸಿಕೊಳ್ಳಿ.)

ಮೊದಲು ಒಂದು ಪ್ರಯೋಗ. ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆಹುಳು ಸಾಕುವ ಮನೆಗಳಿಗೆ ಬರವಿಲ್ಲ. ರೇಷ್ಮೆ ಕೃಷಿ ಕಾಲೇಜು ಆರಂಭವಾದದ್ದೂ ಪಕ್ಕದ ಚಿಂತಾಮಣಿಯಲ್ಲೇ. ಚಾಕಿ ಹುಳುಗಳಿಗೆ ಸುಮಾರು 27ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ. 80ಕ್ಕೂ ಮೇಲ್ಪಟ್ಟ ಆರ್ದ್ರತೆ ಬೇಕು. ಹುಳು ದೊಡ್ಡದಾದಂತೆ ಎರಡೂ ಕಡಿಮೆಯಾಗಬೇಕು. ಹೀಗಾಗಿ ವಿಜ್ಞಾನ ಪ್ರದರ್ಶನಕ್ಕೆಂದು ವಿದ್ಯಾರ್ಥಿಗಳು ಒಂದು ಆರ್ಡುಯಿನೊ ಫಲಕಕ್ಕೆ ಉಷ್ಣತಾ ಸಂವೇದಕಗಳನ್ನು ಜೋಡಿಸಿ, ಹುಳುಮನೆಯ ಪ್ರತಿ ಅಂತಸ್ತಿನ ಉಷ್ಣತೆಯನ್ನು ಅಳೆಯಲು ಹೊರಡುವುದು ಸಹಜ. ನೀವೂ ಹಾಗೆ ಮಾಡಿದಿರಿ ಎನ್ನಿ. ಅಂತಸ್ತಿಗೆ ‘ಬೆಡ್’ ಎಂಬ ಪದದ ಮೊದಲ ಅಕ್ಷರ ಹಿಡಿದು ಬಿ1, ಬಿ2, ಬಿ3 ಎಂದು ಮೂರು ಪೂರ್ಣಾಂಕ ಚರಗಳನ್ನು ಘೋಷಿಸಿದಿರಿ. ಮೂರು ಸಾಲುಗಳೂ ಒಂದೇ ರೀತಿ ಇವೆ. ಕಂಪೈಲರ್ ಬಿ2ನ್ನು ಒಪ್ಪುತ್ತದೆ, ಬಿ3ನ್ನು ಒಪ್ಪುತ್ತದೆ. ಬಿ1 ಇರುವ ಸಾಲಿಗೆ ಮಾತ್ರ ದೋಷ ತೋರಿಸುತ್ತದೆ: ಹೆಸರು ಇರಬೇಕಾದ ಕಡೆ ಸಂಖ್ಯೆ ಇದೆಯಂತೆ!

ಸಂಖ್ಯೆ ಎಲ್ಲಿದೆ? ನೀವು ಬರೆದದ್ದರಲ್ಲಿ ಇಲ್ಲ. ಆರ್ಡುಯಿನೊ ಪರಿಸರವು ನಿಮ್ಮ ಕ್ರಮವಿಧಿಗೆ ತಾನಾಗಿಯೇ ಸೇರಿಸುವ ಹೆಡರ್ ಕಡತಗಳಲ್ಲಿ ದ್ವಿಮಾನ ಸಂಖ್ಯೆಗಳನ್ನು ಸುಲಭವಾಗಿ ಬರೆಯಲೆಂದು ಒಂದು ಪಟ್ಟಿ ಇದೆ. ಬಿ0 ಎಂದರೆ 0, ಬಿ1 ಎಂದರೆ 1, ಬಿ10 ಎಂದರೆ 2, ಬಿ11 ಎಂದರೆ 3, ಹೀಗೆ ಎಂಟು ಅಂಕಿಗಳವರೆಗೆ. ಎವಿಆರ್ ಫಲಕಗಳ ಹಳೆಯ ಕೋರ್‌ನಲ್ಲಿ ಇವೆಲ್ಲ ಮ್ಯಾಕ್ರೊಗಳು. ದ್ವಿಮಾನದಲ್ಲಿ 2, 3 ಎಂಬ ಅಂಕಿಗಳೇ ಇಲ್ಲವಾದ್ದರಿಂದ ಬಿ2, ಬಿ3 ಪಾರಾದವು. ಬಿ1 ಇದ್ದ ಜಾಗದಲ್ಲಿ 1 ಬಂದು ಕುಳಿತು, ‘ಪೂರ್ಣಾಂಕ 1 = ಸಂವೇದಕದ ಓದು’ ಎಂಬ ಅಸಂಬದ್ಧ ಸಾಲು ಕಂಪೈಲರಿನ ಕೈಗೆ ಹೋಯಿತು. ಇತ್ತೀಚಿನ ಜಿಸಿಸಿ ಕಂಪೈಲರ್ ‘ಈ ಮ್ಯಾಕ್ರೊ ಇಂಥ ಕಡತದಿಂದ ಬಂದದ್ದು’ ಎಂಬ ಟಿಪ್ಪಣಿಯನ್ನೂ ಕೆಳಗೆ ಕೊಡುತ್ತದೆ, ನಿಜ. ಆದರೆ ಕೆಂಪು ಅಕ್ಷರದ ಮೊದಲ ಸಾಲಿಗೇ ಎದೆಗುಂದುವ ವಿದ್ಯಾರ್ಥಿ ಅಲ್ಲಿಯವರೆಗೆ ಓದುವುದಿಲ್ಲ. ಬಿ1ನ್ನು ಬಿ4 ಮಾಡಿ ‘ಸರಿ ಹೋಯಿತು’ ಎನ್ನುತ್ತಾನೆ. ಏಕೆ ಸರಿ ಹೋಯಿತೆಂದು ಅವನಿಗೆ ಗೊತ್ತಿಲ್ಲ. ಎಷ್ಟೋ ವೇಳೆ ಅವನ ಶಿಕ್ಷಕರಿಗೂ ಗೊತ್ತಿರುವುದಿಲ್ಲ.

ಇದೇ ಕ್ರಮವಿಧಿಯನ್ನು ಬೇರೊಂದು ಗಣಕಕ್ಕೆ ಒಯ್ಯುವಾಗ ವಿಷಯ ಇನ್ನಷ್ಟು ಸ್ವಾರಸ್ಯಕರವಾಗುತ್ತದೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಸರಣಿ ಸಂಪರ್ಕದ ವೇಗವನ್ನು ಸೂಚಿಸಲು ‘ಟರ್ಮಿಯೋಸ್’ ಎಂಬ ಹೆಡರ್ ಕಡತವಿದೆ. ಅಲ್ಲಿಯೂ ಬಿ0, ಬಿ50, ಬಿ75, ಬಿ110, ಬಿ9600 ಎಂಬ ಮ್ಯಾಕ್ರೊಗಳಿವೆ. ಇಲ್ಲಿ ಬಿ ಎಂದರೆ ಬಾಡ್. ಲಿನಕ್ಸ್‌ನಲ್ಲಿ ಬಿ110ರ ಬೆಲೆ 3: ಅದು ವೇಗವಲ್ಲ, ವೇಗಗಳ ಪಟ್ಟಿಯಲ್ಲಿ 110 ಬಾಡ್‌ಗೆ ಕೊಟ್ಟಿರುವ ಸಂಕೇತಾಂಕ. ಆರ್ಡುಯಿನೊದಲ್ಲಿ ಬಿ110 ಎಂದರೆ ದ್ವಿಮಾನದ 110, ಅಂದರೆ 6. ಎರಡೂ ಹೆಡರ್‌ಗಳು ಒಂದೇ ಕಡತದೊಳಗೆ ಬಂದು, ಆರ್ಡುಯಿನೊದ ಅರ್ಥವೇ ಕೊನೆಗೆ ಉಳಿದರೆ ಏನಾಗುತ್ತದೆ? ಲಿನಕ್ಸ್ ಪಟ್ಟಿಯಲ್ಲಿ 6 ಎಂಬ ಸಂಕೇತಾಂಕ 200 ಬಾಡ್‌ಗೆ ಸೇರಿದ್ದು. ನೀವು 110 ಕೇಳಿದಿರಿ, ಯಂತ್ರ 200 ಕೊಟ್ಟಿತು. ಇಂದು 110 ಬಾಡ್ ಬಳಸುವವರು ಯಾರೂ ಇಲ್ಲ ಎನ್ನುತ್ತೀರೇನೋ. ಇರಲಿ, ಉದಾಹರಣೆಯ ಬೆಲೆ ಇರುವುದು ಬೇರೆ ಕಡೆ: ಒಂದು ಸಂದರ್ಭದಲ್ಲಿ ಕೂಗಿ ಹೇಳಿದ ಘರ್ಷಣೆ ಇನ್ನೊಂದು ಸಂದರ್ಭದಲ್ಲಿ ಬರೀ ಒಂದು ಎಚ್ಚರಿಕೆಯ ಸಾಲಾಗಿ ಕಳೆದುಹೋಗಬಹುದು.

ವ್ಯಾಪ್ತಿಯನ್ನೇ ಅರಿಯದ ಯಂತ್ರ

ಹೀಗಾಗಲು ಕಾರಣ ಮ್ಯಾಕ್ರೊಗಳ ಹುಟ್ಟಿನಲ್ಲೇ ಇದೆ. ಸಿ ಭಾಷೆಗೆ ಪ್ರಿಪ್ರೊಸೆಸರ್ ಸೇರಿದ್ದು 1972–73ರ ಸುಮಾರಿಗೆ. ಅಲನ್ ಸ್ನೈಡರ್ ಅವರ ಒತ್ತಾಯ ಅದಕ್ಕೆ ಒಂದು ಕಾರಣವೆಂದು ಭಾಷೆಯ ಕರ್ತೃ ಡೆನಿಸ್ ರಿಚಿ ದಾಖಲಿಸಿದ್ದಾರೆ. ಮೊದಲ ರೂಪದಲ್ಲಿ ಅದು ಎರಡೇ ಕೆಲಸ ಮಾಡುತ್ತಿತ್ತು: ಒಂದು ಕಡತದೊಳಗೆ ಇನ್ನೊಂದನ್ನು ಸೇರಿಸುವುದು, ಒಂದು ಪದದ ಬದಲು ಇನ್ನೊಂದನ್ನು ಇಡುವುದು. ನಿಯತಾಂಕಗಳುಳ್ಳ ಮ್ಯಾಕ್ರೊಗಳೂ ಷರತ್ತುಬದ್ಧ ಕಂಪೈಲೇಶನ್ನೂ ಬಂದದ್ದು ಆನಂತರ, ಮೈಕ್ ಲೆಸ್ಕ್ ಮತ್ತು ಜಾನ್ ರೈಸರ್ ಅವರಿಂದ. ಈ ಹಂತ ಕಂಪೈಲರಿಗಿಂತ ಮೊದಲು ನಡೆಯುತ್ತದೆ. ಅದಕ್ಕೆ ಫಂಕ್ಷನ್ ಎಂದರೇನು, ಸ್ಟ್ರಕ್ಚರ್ ಎಂದರೇನು, ಈ ಚರ ಯಾವ ಆವರಣದೊಳಗಿನದು ಎಂಬ ಯಾವುದೂ ಗೊತ್ತಿಲ್ಲ. ಪದ ಕಂಡರೆ ಬದಲಿಸುತ್ತದೆ. ಚರಗಳ ವ್ಯಾಪ್ತಿಯ ಬಗ್ಗೆ ನೀವು ತರಗತಿಯಲ್ಲಿ ಎರಡು ಅವಧಿ ಪಾಠ ಮಾಡಿರುತ್ತೀರಿ; ಸಿ++ ಕಲಿಸುವವರು ನೇಮ್‌ಸ್ಪೇಸ್ ಬಗ್ಗೆ ಇನ್ನೊಂದು ಅವಧಿ. ಮ್ಯಾಕ್ರೊಗಳ ಮುಂದೆ ಆ ಮೂರೂ ಅವಧಿಗಳ ಪಾಠ ನಡೆಯುವುದಿಲ್ಲ.

ಯುನಿಕ್ಸ್ ಕಂಪೈಲರುಗಳು ತಾವಾಗಿಯೇ ‘ಯುನಿಕ್ಸ್’ ಎಂಬ ಹೆಸರನ್ನು 1 ಎಂದು ವ್ಯಾಖ್ಯಾನಿಸಿಕೊಂಡಿರುತ್ತಿದ್ದವು. ಡೇವಿಡ್ ಕಾರ್ನ್ 1987ರ ಒಗಟು ಸಿ ಕ್ರಮವಿಧಿಗಳ ಸ್ಪರ್ಧೆಯಲ್ಲಿ ಗೆದ್ದ ಒಂದೇ ಸಾಲಿನ ಕ್ರಮವಿಧಿಯ ಚಮತ್ಕಾರವೆಲ್ಲ ಇದರ ಮೇಲೆ ನಿಂತಿತ್ತು. ಜಿಸಿಸಿಯ ಗ್ನೂ ಮಾದರಿಯಲ್ಲಿ ಇಂದಿಗೂ ‘ಲಿನಕ್ಸ್’ ಎಂಬ ಸಣ್ಣಕ್ಷರದ ಪದ 1 ಆಗಿಬಿಡುತ್ತದೆ. ಯಾವ ವ್ಯವಸ್ಥೆಗೆ ಎಷ್ಟು ಅಂಕ ಎಂದು ಪಟ್ಟಿ ಮಾಡಲು ಚರವೊಂದಕ್ಕೆ ಆ ಹೆಸರಿಟ್ಟವರು ಲಿನಕ್ಸ್‌ನಲ್ಲೇ ಎಡವುತ್ತಾರೆ! ಶುದ್ಧ ಸಿ99 ಮಾದರಿ ಕೇಳಿದರೆ ಮಾತ್ರ ಈ ಕಾಟವಿಲ್ಲ.

ವಿಂಡೋಸ್‌ನ ಮುಖ್ಯ ಹೆಡರ್ ಕಡತದ ಕಥೆ ಬೇರೆಯದೇ. ಇದನ್ನು ಕೊಂಚ ವಿವರವಾಗಿ ನೋಡಬೇಕು, ಏಕೆಂದರೆ ಒಂದು ಕಾಲದ ಯಂತ್ರಾಂಶದ ಮಿತಿ ಮುಂದಿನ ತಲೆಮಾರಿನ ಕ್ರಮವಿಧಿಗಳನ್ನು ಹೇಗೆ ಕಾಡಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. 8086 ಪ್ರೊಸೆಸರಿನಲ್ಲಿ ಸ್ಮೃತಿಯನ್ನು 64 ಕಿಲೋಬೈಟ್‌ಗಳ ಖಂಡಗಳಾಗಿ ನೋಡಬೇಕಿತ್ತು. ಅದೇ ಖಂಡದೊಳಗಿನ ವಿಳಾಸ 16 ಬಿಟ್‌ಗಳ ‘ನಿಯರ್’ ಪಾಯಿಂಟರ್. ಬೇರೆ ಖಂಡದ್ದು 32 ಬಿಟ್‌ಗಳ ‘ಫಾರ್’ ಪಾಯಿಂಟರ್. ಟರ್ಬೊ ಸಿಯಲ್ಲಿ ಕಲಿತವರಿಗೆ ಈ ಎರಡು ಪದಗಳು ನೆನಪಿರಬಹುದು. 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ 32 ಬಿಟ್ ವಿಳಾಸಗಳು ಬಂದಾಗ ಈ ಭೇದ ಅನಗತ್ಯವಾಯಿತು. ಆದರೆ ಹಳೆಯ ಕ್ರಮವಿಧಿಗಳು ಕಂಪೈಲ್ ಆಗಬೇಕಲ್ಲ? ಅದಕ್ಕಾಗಿ ನಿಯರ್, ಫಾರ್ ಎರಡನ್ನೂ ಖಾಲಿ ಮ್ಯಾಕ್ರೊಗಳನ್ನಾಗಿ ಉಳಿಸಿಕೊಂಡರು. ಅಂದರೆ ಆ ಪದ ಕಂಡಲ್ಲೆಲ್ಲ ಪ್ರಿಪ್ರೊಸೆಸರ್ ಅದನ್ನು ಅಳಿಸಿಹಾಕುತ್ತದೆ.

ಈಗ ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ಗ್ರಾಫಿಕ್ಸ್ ಪ್ರಯೋಗಶಾಲೆಗೆ ಬನ್ನಿ. ಓಪನ್‌ಜಿಎಲ್ ಬಳಸುವವರು ದೃಶ್ಯದ ಹತ್ತಿರದ ಮತ್ತು ದೂರದ ಮೇರೆಗಳನ್ನು ಹೇಳಲೇಬೇಕು. ಚರಗಳಿಗೆ ಏನು ಹೆಸರಿಡುತ್ತಾರೆ? ನಿಯರ್, ಫಾರ್! ಲಿನಕ್ಸ್‌ನಲ್ಲಿ ಚೆನ್ನಾಗಿ ಓಡಿದ ಕ್ರಮವಿಧಿ ವಿಂಡೋಸ್‌ನಲ್ಲಿ ‘ಫ್ಲೋಟ್ = 0.1’ ಎಂಬ ಹೆಸರಿಲ್ಲದ ಘೋಷಣೆಯಾಗಿ ಬೀಳುತ್ತದೆ. ಅಡಿಗಲ್ಲು ಮಾತ್ರ ಉಳಿದ ಊರಬಾಗಿಲಿಗೆ ಎಡವಿ ಬಿದ್ದಂತೆ ಇದು. ಅದೇ ಹೆಡರ್ ಬಳಗದ ಇನ್ನೊಂದು ಕಡತದಲ್ಲಿ ‘ಸ್ಮಾಲ್’ ಎಂಬ ಪದ ‘ಚಾರ್’ ಆಗುತ್ತದೆ, ಮತ್ತೊಂದರಲ್ಲಿ ‘ಇಂಟರ್‌ಫೇಸ್’ ಎಂಬುದು ‘ಸ್ಟ್ರಕ್ಟ್’ ಆಗುತ್ತದೆ. ಇಂಥ ದಿನಬಳಕೆಯ ಪದಗಳನ್ನು ಯಾವ ಗುರುತೂ ಇಲ್ಲದೆ ತನ್ನದಾಗಿಸಿಕೊಂಡಿರುವುದು ವಿನ್ಯಾಸದ ದೋಷ. ಹಿಂದಿನದಕ್ಕೆ ಹೊಂದಿಕೆ ಬೇಕೆಂಬ ವಾದ ನಿಯರ್, ಫಾರ್‌ಗಳಿಗೆ ಸಲ್ಲುತ್ತದೆ. ‘ಸ್ಮಾಲ್’ಗೆ ಸಲ್ಲುವುದೆಂದು ನನಗೆ ಅನ್ನಿಸುವುದಿಲ್ಲ.

ಮಿನ್, ಮ್ಯಾಕ್ಸ್ ಕಥೆ ಹೆಚ್ಚು ಪ್ರಸಿದ್ಧ. ಅದೇ ಹೆಡರ್ ಈ ಎರಡನ್ನೂ ಮ್ಯಾಕ್ರೊಗಳಾಗಿ ಕೊಟ್ಟಿತು. 1998ರ ಸಿ++ ಮಾನಕ ಅದೇ ಹೆಸರಿನ ಫಂಕ್ಷನ್‌ಗಳನ್ನು ತನ್ನ ಗ್ರಂಥಾಲಯದಲ್ಲಿ ಇಟ್ಟಿತು. ಮೈಕ್ರೋಸಾಫ್ಟ್‌ನದೇ ವಿಷುವಲ್ ಸಿ++ 6ರಲ್ಲಿ ಮೈಕ್ರೋಸಾಫ್ಟ್‌ನದೇ ಹೆಡರಿಗೆ ಹೆದರಿ ಈ ಫಂಕ್ಷನ್‌ಗಳಿಗೆ ಬೇರೆ ಹೆಸರು ಕೊಡಬೇಕಾಯಿತು. ‘ನೋಮಿನ್‌ಮ್ಯಾಕ್ಸ್’ ಎಂಬ ಹೆಸರನ್ನು ಮೊದಲೇ ವ್ಯಾಖ್ಯಾನಿಸಿದರೆ ಆ ಮ್ಯಾಕ್ರೊಗಳು ಬರುವುದಿಲ್ಲ ಎಂಬ ಪರಿಹಾರವೂ ಇದೆ. ಅದನ್ನು ಮಾಡಿದವರಿಗೆ, ಆ ಮ್ಯಾಕ್ರೊಗಳನ್ನೇ ನೆಚ್ಚಿಕೊಂಡಿದ್ದ ಜಿಡಿಐ ಪ್ಲಸ್ ಗ್ರಂಥಾಲಯದ ಹೆಡರ್‌ಗಳು ಕಂಪೈಲ್ ಆಗದೆ ಕೈಕೊಟ್ಟವು.

ವಿಂಡೋಸ್ ಒಂದನ್ನೇ ದೂರಿದರೆ ಪಕ್ಷಪಾತವಾದೀತು. ಎಕ್ಸ್ ವಿಂಡೋ ವ್ಯವಸ್ಥೆಯ ಹೆಡರ್‌ಗಳು ನನ್, ಬೂಲ್, ಸ್ಟೇಟಸ್, ಸಕ್ಸೆಸ್ ಎಂಬ ಪದಗಳನ್ನು ಕಬಳಿಸಿವೆ. ಮ್ಯಾಕ್ ವ್ಯವಸ್ಥೆಯ ಒಂದು ಹೆಡರ್ ಚೆಕ್, ವೆರಿಫೈ, ರಿಕ್ವೈರ್ ಎಂಬ ಸಣ್ಣಕ್ಷರದ ಹೆಸರುಗಳನ್ನು ಹಿಡಿದಿಟ್ಟಿತ್ತು. ಗ್ನೂ ಸಿ ಗ್ರಂಥಾಲಯದಲ್ಲಿ ಸಾಧನಗಳ ಕ್ರಮಾಂಕಕ್ಕೆಂದು ಇದ್ದ ಮೇಜರ್, ಮೈನರ್ ಎಂಬ ಮ್ಯಾಕ್ರೊಗಳು ಅತ್ಯಂತ ಸಾಮಾನ್ಯವಾದೊಂದು ಹೆಡರಿನಿಂದ ಹೊರಬೀಳಲು 2018ರ 2.28ನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಅಷ್ಟರವರೆಗೆ, ಆವೃತ್ತಿ ಸಂಖ್ಯೆಗೆ ಅವೇ ಹೆಸರಿನ ಫಂಕ್ಷನ್‌ಗಳನ್ನು ಬರೆದ ಸಿ++ ಪ್ರೋಗ್ರಾಮರುಗಳು ತಲೆ ಕೆರೆದುಕೊಳ್ಳುತ್ತಿದ್ದರು. ಹೆಸರುಗಳಿಗೆ ಪೂರ್ವಪದ ಸೇರಿಸುವುದರಲ್ಲಿ ಶಿಸ್ತಿಗೆ ಹೆಸರಾದ ಗ್ಲಿಬ್ ಗ್ರಂಥಾಲಯ ಕೂಡ ದೊಡ್ಡಕ್ಷರದ ಮಿನ್, ಮ್ಯಾಕ್ಸ್‌ಗಳಿಗೆ ಪೂರ್ವಪದ ಹಾಕಿಲ್ಲ!

ಮೌನವಾಗಿ ಕೊಲ್ಲುವ ಘರ್ಷಣೆ

ಇದುವರೆಗಿನ ಉದಾಹರಣೆಗಳಲ್ಲಿ ಹೆಚ್ಚಿನವು ಕಂಪೈಲರಿನ ಮುಂದೆ ಬೀಳುತ್ತವೆ. ಕಿರಿಕಿರಿಯಾದರೂ ಅಪಾಯವಿಲ್ಲ. ಅಪಾಯವಿರುವುದು ಬೀಳದೆ ಓಡುವವುಗಳಲ್ಲಿ. ಅದರಲ್ಲೂ, ಘರ್ಷಣೆಗೆ ಪರಿಹಾರವೆಂದು ಎಷ್ಟೋ ಕೈಪಿಡಿಗಳು ಹೇಳಿಕೊಡುವ ಒಂದು ಉಪಾಯವೇ ಇಂಥ ಅಪಾಯವನ್ನು ಹುಟ್ಟಿಸುತ್ತದೆ ಎಂಬುದನ್ನು ನೀವು ಗಮನಿಸಬೇಕು. ಆ ಉಪಾಯ ಹೀಗಿದೆ: ‘ಈ ಹೆಸರು ಈಗಾಗಲೇ ಇಲ್ಲದಿದ್ದರೆ ಮಾತ್ರ ವ್ಯಾಖ್ಯಾನಿಸು’. ಅಂದರೆ ‘#ಇಫ್‌ಎನ್‌ಡೆಫ್’ ಕಟ್ಟಿನೊಳಗೆ ‘#ಡಿಫೈನ್’ ಇಡುವುದು.

ಒಂದು ಕ್ರಮವಿಧಿಯಲ್ಲಿ ಸಂವೇದಕದ ದಾಖಲೆ ಕಡತ ತೆರೆಯುವ ಫಂಕ್ಷನ್ ಇದೆ ಎನ್ನಿ. ಯಶಸ್ವಿಯಾದರೆ 0, ವಿಫಲವಾದರೆ ‘ಎರರ್’ ಹಿಂದಿರುಗಿಸುತ್ತದೆ. ಎರರ್ ಎಂದರೆ −1 ಎಂದು ಮೇಲಿನ ಉಪಾಯದಂತೆ ನಿಮ್ಮ ಹೆಡರಿನಲ್ಲಿ ಬರೆದಿದ್ದೀರಿ. ಲಿನಕ್ಸ್‌ನಲ್ಲಿ ಎಲ್ಲವೂ ಸರಿ. ವಿಂಡೋಸ್‌ಗೆ ಒಯ್ಯುವಾಗ ಫಂಕ್ಷನ್ ಇರುವ ಕಡತಕ್ಕೆ ವಿಂಡೋಸ್ ಹೆಡರ್ ಸೇರಿಸಬೇಕಾಯಿತು. ಆ ಹೆಡರಿನ ಚಿತ್ರಣ ವಿಭಾಗದಲ್ಲಿ ಎರರ್ ಎಂಬ ಮ್ಯಾಕ್ರೊ ಮೊದಲೇ ಇದೆ, ಅದರ ಬೆಲೆ 0. ನಿಮ್ಮ ಕಟ್ಟು ‘ಹೆಸರು ಇದೆಯಲ್ಲ’ ಎಂದು ಸುಮ್ಮನಾಯಿತು. ಈಗ ಫಂಕ್ಷನ್ ವಿಫಲವಾದರೂ 0, ಯಶಸ್ವಿಯಾದರೂ 0. ಅದನ್ನು ಕರೆಯುವ ಇನ್ನೊಂದು ಕಡತದಲ್ಲಿ ವಿಂಡೋಸ್ ಹೆಡರ್ ಇಲ್ಲ. ಅಲ್ಲಿ ಎರರ್ ಇನ್ನೂ −1. ಬಂದ ಉತ್ತರವನ್ನು ಅದು −1ರೊಡನೆ ಹೋಲಿಸುತ್ತದೆ, ಎಂದೂ ಸರಿಹೊಂದುವುದಿಲ್ಲ. ಕಡತ ತೆರೆಯದಿದ್ದರೂ ಕ್ರಮವಿಧಿ ‘ತೆರೆಯಿತು’ ಎಂದೇ ಭಾವಿಸಿ ಮುಂದುವರಿಯುತ್ತದೆ. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ, ಲಿಂಕರ್ ತುಟಿ ಬಿಚ್ಚುವುದಿಲ್ಲ.

ಕಟ್ಟಿಲ್ಲದೆ ನೇರವಾಗಿ ವ್ಯಾಖ್ಯಾನಿಸಿದ್ದರೆ ‘ಇದೇ ಹೆಸರನ್ನು ಎರಡನೆಯ ಬಾರಿ ಬೇರೆ ಅರ್ಥದಲ್ಲಿ ವ್ಯಾಖ್ಯಾನಿಸಿದ್ದೀರಿ’ ಎಂಬ ಎಚ್ಚರಿಕೆಯಾದರೂ ಬರುತ್ತಿತ್ತು. ಆ ಎಚ್ಚರಿಕೆಯನ್ನು ತಪ್ಪಿಸಲೆಂದೇ ಈ ಉಪಾಯ! ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿ ನೆಮ್ಮದಿಯಾಗಿ ಮಲಗಿದ ಹಾಗಾಯಿತು. ಬಳಕೆದಾರ ಬೇಕೆಂದೇ ಬದಲಿಸಬಹುದಾದ ಬೆಲೆಗಳಿಗೆ, ಉದಾಹರಣೆಗೆ ತಾತ್ಕಾಲಿಕ ಸಂಗ್ರಹದ ಗಾತ್ರಕ್ಕೆ, ಈ ಕಟ್ಟು ಯೋಗ್ಯವಾದದ್ದು. ಘರ್ಷಣೆಗೆ ಔಷಧವಾಗಿ ಅದನ್ನು ಕಲಿಸುವುದು ತಪ್ಪು.

ಹೆಡರ್ ಕಡತ ಎರಡು ಬಾರಿ ಸೇರದಂತೆ ಕಾಯುವ ಹೆಸರೂ ಒಂದು ಮ್ಯಾಕ್ರೊ ಎಂಬುದನ್ನು ಮರೆಯಬಾರದು. ಎರಡು ಬೇರೆ ಬೇರೆ ಗ್ರಂಥಾಲಯಗಳು ‘ಯುಟಿಲ್ಸ್_ಎಚ್’ ಎಂದೇ ಕಾವಲು ಹೆಸರಿಟ್ಟಿದ್ದರೆ ಎರಡನೆಯ ಕಡತ ಇಡಿಯಾಗಿ ಮಾಯವಾಗುತ್ತದೆ. ಅದನ್ನು ತಪ್ಪಿಸಲು ಹೆಸರಿನ ಹಿಂದೆ ಮುಂದೆ ಅಡಿಗೆರೆ ಹಾಕಿ ಎಂದು ಹೇಳುವವರಿದ್ದಾರೆ. ಅದು ಇನ್ನೊಂದು ತೊಂದರೆಗೆ ಆಹ್ವಾನ. 1989ರ ಆನ್ಸಿ ಮಾನಕದಿಂದಲೂ ಎರಡು ಅಡಿಗೆರೆಗಳಿಂದ, ಅಥವಾ ಒಂದು ಅಡಿಗೆರೆ ಮತ್ತು ದೊಡ್ಡಕ್ಷರದಿಂದ ಆರಂಭವಾಗುವ ಹೆಸರುಗಳು ಕಂಪೈಲರ್ ಮತ್ತು ಅದರ ಗ್ರಂಥಾಲಯಕ್ಕೆ ಮೀಸಲು. ಚಿಕ್ಕ ಸಾಧನಗಳಲ್ಲಿ ಬಳಕೆಯಲ್ಲಿರುವ ನ್ಯೂಲಿಬ್ ಗ್ರಂಥಾಲಯ _ಬಿ, _ಸಿ, _ಎಲ್, _ಎಕ್ಸ್ ಮುಂತಾದ ಮ್ಯಾಕ್ರೊಗಳನ್ನು ಧಾರಾಳವಾಗಿ ಇಟ್ಟುಕೊಂಡಿದೆ. ಹಾಗೆ ಇಟ್ಟುಕೊಳ್ಳಲು ಅದಕ್ಕೆ ಹಕ್ಕಿದೆ.

ಇಲ್ಲಿ ಮಾನಕದ ಬಗೆಗೂ ಒಂದು ಮಾತು ಹೇಳಬೇಕು. ಕಂಪೈಲರ್ ತಯಾರಕರಿಗೆ ಅದು ಬೇಲಿ ಹಾಕಿದ ಜಾಗ ಕೊಟ್ಟಿತು. ನಿಮಗೆ, ಅಂದರೆ ಸಾಮಾನ್ಯ ಪ್ರೋಗ್ರಾಮರಿಗೆ, ಅಂಥ ಜಾಗ ಕೊಡಲಿಲ್ಲ. ನೀವು ಅವರ ಬೇಲಿ ದಾಟುವಂತಿಲ್ಲ; ಆದರೆ ಕಾರ್ಯಾಚರಣ ವ್ಯವಸ್ಥೆಯ ಹೆಡರ್‌ಗಳು, ಗ್ರಾಫಿಕ್ಸ್ ಗ್ರಂಥಾಲಯಗಳು ಬೇಲಿಯ ಹೊರಗಿನ ಬಯಲಿನಲ್ಲಿ ಎಲ್ಲಿ ಬೇಕಾದರೂ ಗೂಟ ಹೊಡೆಯಬಹುದು. ಪೋಸಿಕ್ಸ್ ಮಾನಕ ಈ ವಿಷಯದಲ್ಲಿ ಕೊಂಚ ಮೇಲು: ತಾನು ಬಳಸುವ ಪೂರ್ವಪದ, ಅಂತ್ಯಪದಗಳ ಪಟ್ಟಿ ಕೊಟ್ಟು, ಬೇಡದವುಗಳನ್ನು ಮರೆಮಾಡಲು ಒಂದು ಸ್ವಿಚ್ಚನ್ನೂ ಕೊಟ್ಟಿದೆ.

ಮಾನಕ ಸಮಿತಿಯೇ ಎಡವಿದ ಒಂದು ನಿದರ್ಶನ ನಮ್ಮ ಜಿಲ್ಲೆಯ ವಿಜ್ಞಾನಕ್ಕೆ ಹತ್ತಿರದ್ದು. ಗೌರಿಬಿದನೂರಿನ ಬಳಿ 1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಜೊತೆಗೂಡಿ 34.5 ಮೆಗಾಹರ್ಟ್ಸ್ ಆವೃತ್ತಿಯ, ಇಂಗ್ಲಿಷಿನ ‘ಟಿ’ ಆಕಾರದ ರೇಡಿಯೋ ದೂರದರ್ಶಕವನ್ನು ಕಟ್ಟಿದವು. 1997ರಿಂದ ಅಲ್ಲಿ ಸೂರ್ಯನ ಕಿರೀಟವನ್ನು ರೇಡಿಯೋ ತರಂಗಗಳಲ್ಲಿ ಚಿತ್ರಿಸುವ ಸಾಧನವೂ ಇದೆ. ರೇಡಿಯೋ ತರಂಗದ ಧ್ರುವೀಕರಣವನ್ನು ವಿವರಿಸಲು ನಾಲ್ಕು ಸ್ಟೋಕ್ಸ್ ಪರಿಮಾಣಗಳಿವೆ: ಐ, ಕ್ಯೂ, ಯು, ವಿ. ಐ ಒಟ್ಟು ತೀವ್ರತೆ, ಕ್ಯೂ ಮತ್ತು ಯು ರೇಖೀಯ ಧ್ರುವೀಕರಣ, ವಿ ವೃತ್ತೀಯ ಧ್ರುವೀಕರಣ. ಈ ಕೇಂದ್ರವನ್ನು ನೋಡಿಬಂದ ಎಂ.ಎಸ್ಸಿ. ವಿದ್ಯಾರ್ಥಿ ಈ ನಾಲ್ಕು ಹೆಸರುಗಳ ಒಂದು ಸ್ಟ್ರಕ್ಚರ್ ಬರೆದು, ಸಮ್ಮಿಶ್ರ ಸಂಖ್ಯೆಗಳು ಬೇಕೆಂದು ಸಿ99ರ ‘ಕಾಂಪ್ಲೆಕ್ಸ್’ ಹೆಡರ್ ಸೇರಿಸಿದರೆ? ಕ್ಯೂ, ಯು, ವಿ ಮೂರಕ್ಕೂ ತಕರಾರಿಲ್ಲ. ಐ ಮಾತ್ರ ಕೆಡುತ್ತದೆ. ಏಕೆಂದರೆ ಆ ಹೆಡರಿನಲ್ಲಿ ದೊಡ್ಡಕ್ಷರದ ಐ ಎಂದರೆ −1ರ ವರ್ಗಮೂಲ. ಹುಳುಮನೆಯ ಬಿ1ರ ಕಥೆಯೇ ಇಲ್ಲಿಯೂ. ಭೌತವಿಜ್ಞಾನದಲ್ಲಿ ವಿದ್ಯುತ್ ಪ್ರವಾಹ, ಜಡತ್ವದ ಮಹತ್ವ, ಬೆಳಕಿನ ತೀವ್ರತೆ ಎಲ್ಲಕ್ಕೂ ಐ ಎಂದೇ ಬರೆಯುವಾಗ ಆ ಒಂದಕ್ಷರವನ್ನು ಮ್ಯಾಕ್ರೊ ಮಾಡಿದವರ ಧೈರ್ಯ ದೊಡ್ಡದು! ಅವರಿಗೂ ಅಳುಕು ಇದ್ದಿರಬೇಕು; ಬೇಕಾದರೆ ಈ ಮ್ಯಾಕ್ರೊವನ್ನು ತೆಗೆದುಹಾಕಬಹುದು ಎಂಬ ಅನುಮತಿಯನ್ನು ಮಾನಕದಲ್ಲೇ ಬರೆದಿಟ್ಟಿದ್ದಾರೆ.

ಪಾಠ ಎಲ್ಲಿ ಬದಲಾಗಬೇಕು?

ನಮ್ಮ ತರಗತಿಗಳಲ್ಲಿ ಮ್ಯಾಕ್ರೊ ಪಾಠ ಸಾಮಾನ್ಯವಾಗಿ ಹೀಗಿರುತ್ತದೆ: ಮ್ಯಾಕ್ರೊ ವೇಗವಾದದ್ದು, ಫಂಕ್ಷನ್ ಕರೆಯ ವೆಚ್ಚ ಉಳಿಯುತ್ತದೆ, ಹೆಸರನ್ನು ದೊಡ್ಡಕ್ಷರದಲ್ಲಿ ಬರೆಯಿರಿ. ಬಳಿಕ ಮ್ಯಾಕ್ಸ್, ಸ್ಕ್ವೇರ್, ಪೈ ಎಂಬ ಮೂರು ಉದಾಹರಣೆ. ವೇಗದ ವಾದ ಇಂದಿನ ಕಂಪೈಲರುಗಳ ಮಟ್ಟಿಗೆ ಹುರುಳಿಲ್ಲದ್ದು. ಚಿಕ್ಕ ಫಂಕ್ಷನ್‌ಗಳನ್ನು ಅವು ಕೇಳದೆಯೇ ಸ್ಥಳದಲ್ಲಿ ಬಿಡಿಸಿ ಬರೆಯುತ್ತವೆ. ದೊಡ್ಡಕ್ಷರದ ಸಲಹೆ ಒಳ್ಳೆಯದೇ, ಆದರೆ ಅದು ಮ್ಯಾಕ್ರೊಗಳನ್ನು ಚರಗಳಿಂದ ಬೇರ್ಪಡಿಸುತ್ತದೆಯೇ ಹೊರತು ನಿಮ್ಮ ಮ್ಯಾಕ್ರೊವನ್ನು ಇನ್ನೊಬ್ಬರ ಮ್ಯಾಕ್ರೊದಿಂದಲ್ಲ. ಎಲ್ಲರೂ ಅದೇ ದೊಡ್ಡಕ್ಷರದ ಮ್ಯಾಕ್ಸ್, ಎರರ್, ಡಿಫಾಲ್ಟ್‌ಗಳನ್ನೇ ಬರೆದರೆ ಜಗಳ ದೊಡ್ಡಕ್ಷರಗಳ ನಡುವೆ. ‘ಪೈ’ ಉದಾಹರಣೆಯನ್ನು ಆರ್ಡುಯಿನೊದಲ್ಲಿ ಬರೆದು ನೋಡಿ: ಅಲ್ಲಿ ಪೈ ಮೊದಲೇ ಇದೆ. ನ್ಯೂಟನ್–ರಾಫ್ಸನ್ ವಿಧಾನಕ್ಕೆ ದೊಡ್ಡಕ್ಷರದ ಎಫ್ ಎಂಬ ಫಂಕ್ಷನ್ ಬರೆದರೂ ಅಲ್ಲಿ ಕೆಡುತ್ತದೆ. ಪಠ್ಯವನ್ನು ಫ್ಲಾಶ್ ಸ್ಮೃತಿಯಲ್ಲಿ ಇಡುವ ಮ್ಯಾಕ್ರೊಗೆ ಆ ಹೆಸರು ಹೋಗಿದೆ.

ಪ್ರಯೋಗ ಪರೀಕ್ಷೆಗಳೂ ಇದಕ್ಕೆ ಕಾರಣ. ಕ್ರಮವಿಧಿ ಒಂದೇ ಗಣಕದಲ್ಲಿ, ಒಂದೇ ಕಂಪೈಲರಿನಲ್ಲಿ ಓಡಿದರೆ ಪೂರ್ಣಾಂಕ. ಅದನ್ನು ಮನೆಯ ಗಣಕಕ್ಕೆ ಒಯ್ದಾಗ, ಅಲ್ಲಿಂದ ಚಿಕ್ಕ ಸಾಧನಕ್ಕೆ ಇಳಿಸುವಾಗ ಏನಾಗುತ್ತದೆಂದು ಯಾರೂ ಕೇಳುವುದಿಲ್ಲ. ಕಾಲೇಜಿನಲ್ಲಿ ಓಡಿದ್ದು ಮನೆಯಲ್ಲಿ ಓಡದಿದ್ದಾಗ ವಿದ್ಯಾರ್ಥಿ ತನ್ನ ತರ್ಕವೇ ತಪ್ಪೆಂದುಕೊಳ್ಳುತ್ತಾನೆ. ಹಳ್ಳಿಯಿಂದ ಬಂದು ಇಂಗ್ಲಿಷಿನ ದೋಷ ಸಂದೇಶಗಳ ಮುಂದೆ ಮೊದಲೇ ಹಿಂಜರಿಯುವ ಹುಡುಗ ಹುಡುಗಿಯರು ಹೀಗೆ ತಮ್ಮದಲ್ಲದ ತಪ್ಪಿಗೆ ಪ್ರೋಗ್ರಾಮಿಂಗ್ ‘ನಮಗಲ್ಲ’ ಎಂದು ಕೈಬಿಡುವುದು ಸಣ್ಣ ನಷ್ಟವಲ್ಲ.

ಹಾಗಾದರೆ ಏನು ಕಲಿಸಬೇಕು? ಮೊದಲನೆಯದಾಗಿ, ಪೂರ್ವಪದ. ಎಸ್‌ಕ್ಯೂಲೈಟ್ ದತ್ತಸಂಚಯದ ಹೆಡರ್ ಕಡತವನ್ನು ತರಗತಿಯಲ್ಲಿ ತೆರೆದು ತೋರಿಸಿ. ಮ್ಯಾಕ್ರೊಗಳು ‘ಎಸ್‌ಕ್ಯೂಲೈಟ್_’ ಎಂದೂ ಫಂಕ್ಷನ್‌ಗಳು ‘ಎಸ್‌ಕ್ಯೂಲೈಟ್3_’ ಎಂದೂ ಆರಂಭವಾಗುತ್ತವೆ. ಅದು ಇಷ್ಟು ವೈವಿಧ್ಯದ ಸಾಧನಗಳಲ್ಲಿ ನಿರಾಯಾಸವಾಗಿ ಸೇರಿಕೊಂಡಿರುವುದಕ್ಕೆ ಈ ಶಿಸ್ತೂ ಒಂದು ಕಾರಣ. ನಿಮ್ಮ ವಿದ್ಯಾರ್ಥಿಗಳ ಹುಳುಮನೆ ಯೋಜನೆಯಲ್ಲೂ ಬಿ1ರ ಬದಲು ‘ಹುಳು_ಅಂತಸ್ತು1’ ಎಂದಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಹೆಸರು ಉದ್ದವಾಯಿತೆಂಬ ದೂರು ಬರುತ್ತದೆ. 1989ರ ಮಾನಕದ ಪ್ರಕಾರ ಕಡತಗಳಾಚೆ ಕಾಣುವ ಹೆಸರುಗಳಲ್ಲಿ ಮೊದಲ ಆರು ಅಕ್ಷರಗಳಿಗೆ ಮಾತ್ರ ಖಾತರಿ ಇತ್ತು. ಆಗ ಆ ದೂರಿಗೆ ಅರ್ಥವಿತ್ತು. ಸಿ99ರಲ್ಲಿ ಅದು 31 ಆಗಿದೆ.

ಎರಡನೆಯದು, ಮ್ಯಾಕ್ರೊ ಇಲ್ಲದೆ ಆಗುವ ಕಡೆ ಮ್ಯಾಕ್ರೊ ಬೇಡ. ಸ್ಥಿರ ಪೂರ್ಣಾಂಕಗಳಿಗೆ ‘ಎನಮ್’, ಲೆಕ್ಕಕ್ಕೆ ‘ಇನ್‌ಲೈನ್’ ಫಂಕ್ಷನ್. ಇವು ಕಂಪೈಲರಿಗೆ ಗೊತ್ತಿರುವ ಹೆಸರುಗಳು, ವ್ಯಾಪ್ತಿಯ ನಿಯಮಕ್ಕೆ ಒಳಪಟ್ಟವು. ಆದರೆ ಒಂದು ಎಚ್ಚರಿಕೆ: ಇನ್ನೊಬ್ಬರ ಮ್ಯಾಕ್ರೊ ನಿಮ್ಮ ಎನಮ್ ಹೆಸರನ್ನೂ ನುಂಗಬಲ್ಲದು. ಆದ್ದರಿಂದ ಪೂರ್ವಪದದ ಅಗತ್ಯ ತಪ್ಪುವುದಿಲ್ಲ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ವಿಂಡೋಸ್ ಹೆಡರನ್ನಾಗಲಿ, ಟರ್ಮಿಯೋಸ್ ಹೆಡರನ್ನಾಗಲಿ ನಿಮ್ಮ ಸ್ವಂತ ಹೆಡರ್ ಕಡತಗಳೊಳಗೆ ಎಂದೂ ಸೇರಿಸಬೇಡಿ. ಸರಣಿ ಸಂಪರ್ಕಕ್ಕೆ ಒಂದು ಚಿಕ್ಕ ಹೆಡರ್ ಮಾಡಿ: ತೆರೆ, ಓದು, ಮುಚ್ಚು ಎಂಬ ಮೂರು ಫಂಕ್ಷನ್ ಘೋಷಣೆಗಳು, ವೇಗವನ್ನು 9600 ಎಂಬ ಸಾದಾ ಸಂಖ್ಯೆಯಾಗಿ ಪಡೆಯುವಂತೆ. ಲಿನಕ್ಸ್‌ಗೆ ಒಂದು ಸಿ ಕಡತ, ವಿಂಡೋಸ್‌ಗೆ ಇನ್ನೊಂದು. ವ್ಯವಸ್ಥೆಯ ಹೆಡರ್‌ಗಳು ಆ ಎರಡು ಕಡತಗಳ ಗೋಡೆಯೊಳಗೇ ಉಳಿಯುತ್ತವೆ. ಪ್ರಿಪ್ರೊಸೆಸರಿಗೆ ವ್ಯಾಪ್ತಿ ತಿಳಿಯದಿದ್ದರೂ ಒಂದು ಗೆರೆಯನ್ನು ಅದು ದಾಟಲಾರದು: ಒಂದು ಸಿ ಕಡತದ ಮ್ಯಾಕ್ರೊ ಇನ್ನೊಂದು ಸಿ ಕಡತಕ್ಕೆ ಹಾಯುವುದಿಲ್ಲ. ಆ ಗೆರೆಯನ್ನು ಬಳಸಿಕೊಳ್ಳಿ. ‘#ಅನ್‌ಡೆಫ್’ ಮಾಡಿ ಬೇರೆಯವರ ಮ್ಯಾಕ್ರೊ ಕೀಳುವುದು, ಪ್ರಾಗ್ಮಾ ಮೂಲಕ ಅದನ್ನು ತಾತ್ಕಾಲಿಕವಾಗಿ ಎತ್ತಿಟ್ಟು ಮತ್ತೆ ಇಡುವುದು, ಮಿನ್ ಸುತ್ತ ಆವರಣ ಚಿಹ್ನೆ ಹಾಕಿ ಮ್ಯಾಕ್ರೊ ಬಿಡಿಸದಂತೆ ತಡೆಯುವುದು, ಇವೆಲ್ಲ ಬೇರೆಯವರ ಕ್ರಮವಿಧಿಯನ್ನು ರಿಪೇರಿ ಮಾಡುವವರಿಗೆ ಸರಿ. ಹೊಸದಾಗಿ ಬರೆಯುವವರಿಗೆ ಅವು ಬೇಕಾಗುವುದೇ ಒಂದು ಸುಳಿವು, ಗೋಡೆ ಎಲ್ಲೋ ಬಿರುಕು ಬಿಟ್ಟಿದೆಯೆಂದು.

ಸಿ++20ರ ಮಾಡ್ಯೂಲ್‌ಗಳಲ್ಲಿ ಮ್ಯಾಕ್ರೊಗಳು ಆಮದಿನೊಂದಿಗೆ ಹೊರಬರುವುದಿಲ್ಲ. ಸಿ ಭಾಷೆಗೆ ಆ ಸೌಲಭ್ಯವಿಲ್ಲ. ಹಳೆಯ ಹೆಡರ್‌ಗಳು ಹಾಗೆಯೇ ಇವೆ.

ಇನ್ನು ಶಿಕ್ಷಕರಿಗೆ ಒಂದು ಅವಧಿಯ ಪ್ರಯೋಗ. ಜಿಸಿಸಿಗೆ ‘−ಇ’ (ದೊಡ್ಡಕ್ಷರ) ಎಂಬ ಸೂಚನೆ ಕೊಟ್ಟರೆ ಅದು ಪ್ರಿಪ್ರೊಸೆಸರ್ ಹಂತದಲ್ಲೇ ನಿಂತು, ಕಂಪೈಲರಿನ ಕಣ್ಣಿಗೆ ಬೀಳುವ ನಿಜವಾದ ಪಠ್ಯವನ್ನು ತೋರಿಸುತ್ತದೆ. ಅದರೊಡನೆ ‘−ಡಿಎಂ’ (ಡಿ ಚಿಕ್ಕದು, ಎಂ ದೊಡ್ಡದು) ಸೇರಿಸಿದರೆ ಆ ಕ್ಷಣ ಜಾರಿಯಲ್ಲಿರುವ ಎಲ್ಲ ಮ್ಯಾಕ್ರೊಗಳ ಪಟ್ಟಿ ಬರುತ್ತದೆ. ಮೊದಲು ಖಾಲಿ ಕಡತ ಕೊಡಿ. ಒಂದು ಸಾಲನ್ನೂ ಬರೆಯದಿದ್ದರೂ ಉದ್ದದ ಪಟ್ಟಿ ಬರುವುದನ್ನು ವಿದ್ಯಾರ್ಥಿಗಳು ನೋಡಲಿ. ಬಳಿಕ ಒಂದೊಂದೇ ಹೆಡರ್ ಸೇರಿಸಿ, ಪಟ್ಟಿ ಎಷ್ಟೆಷ್ಟು ಬೆಳೆಯಿತೆಂದು ಎಣಿಸಿ ಬರೆದುಕೊಳ್ಳಲಿ. ಆಮೇಲೆ ಪ್ರತಿಯೊಬ್ಬರೂ ತಮ್ಮ ಹಿಂದಿನ ಪ್ರಯೋಗಗಳ ಚರಗಳ ಹೆಸರುಗಳನ್ನು ಆ ಪಟ್ಟಿಯಲ್ಲಿ ಹುಡುಕಲಿ. ವಿಂಡೋಸ್ ಇರುವ ಗಣಕದಲ್ಲೂ ಲಿನಕ್ಸ್ ಇರುವ ಗಣಕದಲ್ಲೂ ಇದನ್ನು ಮಾಡಿಸಲು ಸಾಧ್ಯವಾದರೆ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡಿ.